ಮಾವನವರ ಸುಸ್ತಿಗೆ ಕೊರಿಯಾದ ಜಿನ್ಸೆಂಗ್ ಕೊಡಬಹುದೇ?

ಪ್ರಶ್ನೆ: ನಮ್ಮ ಮಾವನವರಿಗೆ 67 ವರ್ಷ. ಎಂಟು ವರ್ಷಗಳ ಹಿಂದೆ ಹೃದಯದ ಮೈಟ್ರಲ್ ಕವಾಟ ತೆಗೆದು ಲೋಹದ ಕವಾಟ ಹಾಕಿದ್ದಾರೆ. ಅಂದಿನಿಂದ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನಡೆಯುತ್ತಿದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್, ಬಿಪಿಗೆ ಮೆಟೊಪ್ರೊಲಾಲ್ ಇವೆ. ಕೆಲವು ತಿಂಗಳಿಂದ ಅವರಿಗೆ ವಿಪರೀತ ಸುಸ್ತು. ಸೋಲ್‌ನಲ್ಲಿ ಕೆಲಸ ಮಾಡುವ ನನ್ನ ತಮ್ಮ ಈ ಸಲ ರಜೆಗೆ ಬರುವಾಗ ಆರು ವರ್ಷದ ಕೆಂಪು ಜಿನ್ಸೆಂಗ್ ಬೇರಿನ ಗಟ್ಟಿ ಸಾರ, 240 ಗ್ರಾಂ ಜಾಡಿ ತಂದುಕೊಟ್ಟ. ಅದರಲ್ಲಿರುವ ಪುಟ್ಟ ಚಮಚದಲ್ಲಿ ಒಂದೊಂದು ಗ್ರಾಂನಂತೆ ದಿನಕ್ಕೆ ಮೂರು ಸಲ ಬಿಸಿನೀರಿಗೆ ಹಾಕಿ ಕೊಡುತ್ತಿದ್ದೇವೆ. ಹನ್ನೆರಡು ದಿನ ಆಯಿತು. ಚುರುಕಾಗಿದ್ದೇನೆ ಅನ್ನುತ್ತಾರೆ, ಆದರೆ ರಾತ್ರಿ ನಿದ್ದೆ ಇಲ್ಲ. ಅದು ತುಂಬಾ ಉಷ್ಣ, ಬಿಪಿ ಏರುತ್ತದೆ ಎಂದು ನೆಂಟರೊಬ್ಬರು ಹೆದರಿಸುತ್ತಿದ್ದಾರೆ. ನಮ್ಮ ಅಶ್ವಗಂಧವೇ ಅದು, ಅಷ್ಟು ದುಡ್ಡು ಯಾಕೆ ಎಂದು ಇನ್ನೊಬ್ಬರು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಐಎನ್ಆರ್ ಎರಡು ತಿಂಗಳ ಹಿಂದೆ 2.9 ಇತ್ತು. ಮುಂದುವರಿಸಬಹುದೇ? ಎಷ್ಟು ಕೊಡಬೇಕು? ಇಲ್ಲವಾದರೆ ಅಶ್ವಗಂಧ ಕೊಡಬಹುದೇ?

ಉತ್ತರ: ಮೊದಲು ಇವತ್ತಿನ ಕೆಲಸ. ಜಿನ್ಸೆಂಗ್ ನಿಲ್ಲಿಸಿ. ಇವತ್ತೋ ನಾಳೆಯೋ ಐಎನ್ಆರ್ ಮಾಡಿಸಿ ಹೃದಯ ತಜ್ಞರಿಗೆ ತಿಳಿಸಿ. ತಿಳಿಸುವಾಗ ಜಿನ್ಸೆಂಗ್ ಶುರು ಮಾಡಿದ ತಾರೀಖು, ಪ್ರಮಾಣ, ನಿಲ್ಲಿಸಿದ ತಾರೀಖು ಮೂರನ್ನೂ ಹೇಳಿ. ವಾರ್ಫರಿನ್ ಪ್ರಮಾಣವನ್ನು ಮನೆಯಲ್ಲೇ ಏರಿಸುವುದು, ಇಳಿಸುವುದು ಬೇಡ. ಒಂದು ವಾರ ಬಿಟ್ಟು ಮತ್ತೊಮ್ಮೆ, ಎರಡು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಬೇಕಾಗುತ್ತದೆ. ಯಾಕೆ ಅಷ್ಟು ಸಲ ಎಂಬುದನ್ನು ಕೆಳಗೆ ಹೇಳುತ್ತೇನೆ. ಈ ನಡುವೆ ದಿಢೀರ್ ಉಬ್ಬಸ, ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಅಥವಾ ಕಾಲಿನ ಬಲ ಕುಗ್ಗುವುದು, ಎದೆಯಲ್ಲಿ ಸದಾ ಕೇಳುತ್ತಿದ್ದ ಕವಾಟದ ಟಿಕ್ ಸದ್ದು ಮಂಕಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ.

ನಿಮ್ಮ ಮನೆಯಲ್ಲಿ ಚರ್ಚೆ ನಡೆದಿರುವುದು ಉಷ್ಣ ಮತ್ತು ಬಿಪಿಯ ಸುತ್ತ. ನಿಮ್ಮ ಮಾವನವರ ಮಟ್ಟಿಗೆ ಅವೆರಡೂ ಹಿಂದಿನ ಸಾಲಿನ ವಿಷಯಗಳು. ಮುಂದಿನ ಸಾಲಿನಲ್ಲಿ ಇರುವುದು ವಾರ್ಫರಿನ್, ಅದರ ಪಕ್ಕದಲ್ಲಿ ಗ್ಲಿಮೆಪಿರೈಡ್.

ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವ ಸ್ವಭಾವ ಇದ್ದೇ ಇರುತ್ತದೆ. ಮೈಟ್ರಲ್ ಜಾಗದಲ್ಲಿ ಅದು ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ರಕ್ತದ ಓಟ ನಿಧಾನ. ಹಾಗಾಗಿ ಇಂಥವರ ಐಎನ್ಆರ್ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು. ಇಳಿದರೆ ಹೆಪ್ಪುಗಟ್ಟುವ ಅಪಾಯ, ಏರಿದರೆ ರಕ್ತಸ್ರಾವದ ಅಪಾಯ. 1997ರಲ್ಲಿ ಅಮೆರಿಕದ ಔಷಧ ತಜ್ಞರ ನಿಯತಕಾಲಿಕೆಯಲ್ಲಿ ವರದಿಯಾದ ಒಂದು ಪ್ರಕರಣ ನಿಮ್ಮ ಮನೆಯ ಪರಿಸ್ಥಿತಿಗೆ ತೀರಾ ಹತ್ತಿರವಿದೆ. 47 ವರ್ಷದ ವ್ಯಕ್ತಿ, ಲೋಹದ ಕವಾಟ, ವಾರ್ಫರಿನ್ ಮೇಲೆ ಸ್ಥಿರವಾಗಿದ್ದವರು. ಜಿನ್ಸೆಂಗ್ ಶುರು ಮಾಡಿದ ಎರಡೇ ವಾರದಲ್ಲಿ ಐಎನ್ಆರ್ 3.1ರಿಂದ 1.5ಕ್ಕೆ ಇಳಿಯಿತು. ನಿಲ್ಲಿಸಿದ ಎರಡು ವಾರಕ್ಕೆ ಮತ್ತೆ 3.3ಕ್ಕೆ ಬಂತು. ಒಬ್ಬರ ಪ್ರಕರಣದಿಂದ ಎಲ್ಲರ ಬಗ್ಗೆ ತೀರ್ಮಾನಿಸಬಾರದು, ನಿಜ. 2004ರಲ್ಲಿ ಆರೋಗ್ಯವಂತರ ಮೇಲೆ ನಡೆದ ಎರಡು ಪ್ರಯೋಗಗಳ ಫಲವೂ ಒಂದೇ ಆಗಿರಲಿಲ್ಲ. ಅದೇ ಕುಲದ ಬೇರೆ ಜಾತಿಯಾದ ಅಮೆರಿಕದ ಜಿನ್ಸೆಂಗ್ ಕೊಟ್ಟು ನೋಡಿದ ಪ್ರಯೋಗದಲ್ಲಿ ವಾರ್ಫರಿನ್‌ನ ಪರಿಣಾಮ ತಗ್ಗಿತು, ಕೊರಿಯಾದ ಜಿನ್ಸೆಂಗ್ ಕೊಟ್ಟು ನೋಡಿದ್ದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಕೊರಿಯಾದ್ದು ಕೊಡಬಹುದಲ್ಲ ಎಂದು ನಿಮಗೆ ಅನಿಸಬಹುದು. ಆ ಪ್ರಯೋಗದಲ್ಲಿದ್ದವರು ಹನ್ನೆರಡು ಜನ ಯುವಕರು, ಅವರಿಗೆ ಹೃದಯದ ಕಾಯಿಲೆ ಇರಲಿಲ್ಲ, ಬೇರೆ ಮಾತ್ರೆ ಇರಲಿಲ್ಲ. ಅವರ ಲೆಕ್ಕ ಹಿಡಿದು 67ರ ಹಿರಿಯರ ಕವಾಟವನ್ನು ಪಣಕ್ಕಿಡುವುದು ಸರಿಯಲ್ಲ.

ಇದು ಹೇಗೆ ಆಗಬಹುದು? ನಾವು ನುಂಗುವ ಬಹುಪಾಲು ಮಾತ್ರೆಗಳನ್ನು ಯಕೃತ್ತಿನ ಕಿಣ್ವಗಳು ಒಡೆದು ಹೊರಹಾಕುತ್ತವೆ. ಕೆಲವು ಗಿಡಮೂಲಿಕೆಗಳು ಆ ಕಿಣ್ವಗಳ ಸಂಖ್ಯೆಯನ್ನೇ ಹೆಚ್ಚಿಸುತ್ತವೆ. ಆಗ ಔಷಧ ಬೇಗ ಕರಗಿ ಅದರ ಕೆಲಸ ಕುಗ್ಗುತ್ತದೆ. ಏಷ್ಯಾದ ಜಿನ್ಸೆಂಗ್ (ಕೊರಿಯಾದ್ದೂ ಇದೇ ಜಾತಿ) ಸಾರವನ್ನು 500 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ ನಾಲ್ಕು ವಾರ ಕೊಟ್ಟಾಗ, ಮಿಡಜೋಲಾಮ್ ಎಂಬ ನಿದ್ರಾಜನಕ ದೇಹಕ್ಕೆ ದಕ್ಕುವ ಮೊತ್ತ ಸುಮಾರು ಮೂರನೇ ಒಂದರಷ್ಟು ಇಳಿದದ್ದು 2012ರ ಅಧ್ಯಯನವೊಂದರಲ್ಲಿ ದಾಖಲಾಗಿದೆ. ಕಿಣ್ವಗಳು ಹೆಚ್ಚಲು ಒಂದೆರಡು ವಾರ ಹಿಡಿಯುತ್ತದೆ, ಇಳಿಯಲೂ ಅಷ್ಟೇ. ಸಾರ ನಿಲ್ಲಿಸಿದ ಮರುದಿನವೇ ಎಲ್ಲವೂ ಮೊದಲಿನಂತಾಗುವುದಿಲ್ಲ. ಇಲ್ಲಿ ಇನ್ನೊಂದು ಅಪಾಯ ಉಂಟು. ಈಗ ಐಎನ್ಆರ್ ಕಡಿಮೆ ಬಂದು ವಾರ್ಫರಿನ್ ಹೆಚ್ಚಿಸಿದರೆ, ಎರಡು ವಾರದ ನಂತರ ಕಿಣ್ವಗಳು ತಣ್ಣಗಾದಾಗ ಅದೇ ಹೆಚ್ಚಿಸಿದ ಮಾತ್ರೆ ರಕ್ತಸ್ರಾವಕ್ಕೆ ದಾರಿ ಮಾಡಬಹುದು. ಎರಡು ಮೂರು ಸಲ ಪರೀಕ್ಷೆ ಮಾಡಿಸಿ ಎಂದದ್ದು ಇದಕ್ಕೇ. ಪ್ರಯೋಗಾಲಯದಲ್ಲಿ ಜಿನ್ಸೆಂಗ್‌ನ ಕೆಲವು ಅಂಶಗಳು, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಅಂಟಿಕೊಳ್ಳುವುದನ್ನೂ ತಡೆಯುತ್ತವೆ. ಅಂದರೆ ತಕ್ಕಡಿ ಎರಡೂ ಕಡೆ ವಾಲಬಹುದು. ನಿಮ್ಮ ಮಾವನವರು ತೆಗೆದುಕೊಳ್ಳುವುದು ವಾರ್ಫರಿನ್ ಬದಲು ಅಸೆನೊಕೂಮರಾಲ್ ಆಗಿದ್ದರೂ, ನಮ್ಮಲ್ಲಿ ಎಷ್ಟೋ ಜನಕ್ಕೆ ಅದನ್ನೇ ಬರೆಯುತ್ತಾರೆ, ನಾನು ಇದೇ ಮಾತು ಹೇಳುತ್ತಿದ್ದೆ.

ಇನ್ನು ಸಕ್ಕರೆ. ಕೆನಡಾದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 3 ಗ್ರಾಂ ಅಮೆರಿಕದ ಜಿನ್ಸೆಂಗ್ ಪುಡಿಯನ್ನು ಗ್ಲೂಕೋಸ್ ಕುಡಿಯುವ 40 ನಿಮಿಷ ಮೊದಲು ಕೊಟ್ಟಾಗ ರಕ್ತದ ಸಕ್ಕರೆ ಏರುವುದು ತಗ್ಗಿತು. ಅದೇ ತಂಡ ಮುಂದೆ ಏಷ್ಯಾದ ಜಿನ್ಸೆಂಗ್ ಕೊಟ್ಟಾಗ ಪರಿಣಾಮ ಕಾಣಲಿಲ್ಲ, ಕೆಲವು ಸಲ ಉಲ್ಟಾ ಸಕ್ಕರೆ ಏರಿತು. ಸಕ್ಕರೆಗೆ ಒಳ್ಳೆಯದು ಎಂಬ ಮಾತು ಎಷ್ಟು ಜಾರುವ ನೆಲದ ಮೇಲೆ ನಿಂತಿದೆ ನೋಡಿ. ಗ್ಲಿಮೆಪಿರೈಡ್ ತಾನೇ ಸಕ್ಕರೆಯನ್ನು ಅಗತ್ಯಕ್ಕಿಂತ ಕೆಳಗೆ ಇಳಿಸಬಲ್ಲ ಮಾತ್ರೆ. ಅದರ ಜೊತೆಗೆ ಮೆಟೊಪ್ರೊಲಾಲ್ ಇದೆ. ಸಕ್ಕರೆ ಕುಸಿದಾಗ ಬರುವ ಕೈನಡುಕ, ಎದೆಬಡಿತ ಎರಡನ್ನೂ ಆ ಮಾತ್ರೆ ಮುಚ್ಚಿಹಾಕುತ್ತದೆ. ಬೆವರು ಮಾತ್ರ ಉಳಿಯುತ್ತದೆ. ಮಾವನವರು ಮಧ್ಯರಾತ್ರಿ ಬೆವರಿ ಎದ್ದು ಕೂರುತ್ತಿದ್ದರೆ ಅದನ್ನು ಉಷ್ಣ ಎಂದು ಬಿಟ್ಟುಬಿಡಬೇಡಿ, ಗ್ಲೂಕೋಮೀಟರ್ ಹಿಡಿದು ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಟ್ಟು, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು.

ಈಗ ಉಷ್ಣದ ಮಾತಿಗೆ ಬರೋಣ. ನಿಮ್ಮ ನೆಂಟರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಚೀನೀ ವೈದ್ಯದಲ್ಲೂ ಮೂಲಿಕೆಗಳನ್ನು ಉಷ್ಣ, ಶೀತ ಎಂದೇ ವಿಂಗಡಿಸುತ್ತಾರೆ. ಅವರ ಲೆಕ್ಕದಲ್ಲಿ ಏಷ್ಯಾದ ಜಿನ್ಸೆಂಗ್ ತುಸು ಬೆಚ್ಚಗಿನದು, ಆವಿಯಲ್ಲಿ ಬೇಯಿಸಿದ ಕೆಂಪು ಬೇರು ಇನ್ನೂ ಬೆಚ್ಚಗಿನದು, ಅಮೆರಿಕದ ಬೇರು ತಂಪು. ಜ್ವರ, ನೆಗಡಿ ಶುರುವಾದಾಗ ಅಥವಾ ಮುಖ ಕೆಂಪಾಗಿ ತಲೆ ಸಿಡಿಯುವವರಿಗೆ ಜಿನ್ಸೆಂಗ್ ಕೊಡಬಾರದು ಎಂಬುದು ಅಲ್ಲಿನ ವೈದ್ಯರ ಹಳೆಯ ಕಟ್ಟಳೆ. ಇದು ಬಲವಿದ್ದವರಿಗೆ ಬಲ ತುಂಬುವ ಮದ್ದೂ ಅಲ್ಲ. ಶಕ್ತಿ ಬಸಿದುಹೋದವರಿಗೆ, ದೀರ್ಘ ಕಾಯಿಲೆಯಿಂದ ಎದ್ದವರಿಗೆ, ಹೆಚ್ಚಿನಂಶ ಬೇರೆ ಮೂಲಿಕೆಗಳ ಜೊತೆ ಸೇರಿಸಿ ಕೊಡುವಂಥದ್ದು. ಸಿ ಜುನ್ ಜಿ ಟಾಂಗ್ ಎಂಬ ಹೆಸರಾಂತ ಕಷಾಯದಲ್ಲಿ ಜಿನ್ಸೆಂಗ್ ಜೊತೆ ಇನ್ನೂ ಮೂರು ಮೂಲಿಕೆಗಳಿವೆ, ಅದರಲ್ಲೊಂದು ಅತಿಮಧುರದ ಜಾತಿಯದೇ. ಬರೀ ಜಿನ್ಸೆಂಗ್ ಒಂದನ್ನೇ ಹೆಚ್ಚು ಪ್ರಮಾಣದಲ್ಲಿ ಕುದಿಸಿ ಕೊಡುವ ಡು ಶೆನ್ ಟಾಂಗ್ ಇತ್ತು. ಅದು ವಿಪರೀತ ರಕ್ತ ಹೋಗಿ ಪ್ರಾಣ ಕುತ್ತಿಗೆಗೆ ಬಂದಾಗಿನ ಮದ್ದು. ದಿನಾ ಬೆಳಗ್ಗೆ ಎಲ್ಲರೂ ಕುಡಿಯುವ ಟಾನಿಕ್ ಎಂಬ ಚಿತ್ರ ಬಂದದ್ದು ಬಹುಮಟ್ಟಿಗೆ ಮಾರುಕಟ್ಟೆಯಿಂದ.

ಆಧುನಿಕ ಕಣ್ಣಿನಿಂದ ನೋಡಿದರೆ ಈ ಉಷ್ಣ ಅಂದರೆ ನಿದ್ದೆಗೇಡು, ತಲೆನೋವು, ಸಿಡುಕು, ಬಾಯಿ ಒಣಗುವುದು, ಕೆಲವರಿಗೆ ಮೂಗಿನಿಂದ ರಕ್ತ. ಪ್ರಮಾಣ ಹೆಚ್ಚಾದಾಗ, ಸಂಜೆ ಮೇಲೆ ತೆಗೆದುಕೊಂಡಾಗ, ಜೊತೆಗೆ ಗಟ್ಟಿ ಕಾಫಿ ಇದ್ದಾಗ ಇವು ಕಾಣುತ್ತವೆ. ಮಾವನವರ ನಿದ್ದೆ ಕೆಟ್ಟಿರುವುದಕ್ಕೆ ದಿನದ ಮೂರನೆಯ ಚಮಚ ರಾತ್ರಿ ಊಟದ ಹೊತ್ತಿಗೆ ಹೋಗುತ್ತಿರುವುದೇ ಕಾರಣ ಇರಬಹುದು. ಬಿಪಿಯ ಭಯ ಹಬ್ಬಿದ್ದು 1979ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಲೇಖನದಿಂದ. 133 ಬಳಕೆದಾರರನ್ನು ನೋಡಿ ಅದಕ್ಕೆ ಜಿನ್ಸೆಂಗ್ ದುರ್ಬಳಕೆಯ ಕಾಯಿಲೆ ಎಂದೇ ಹೆಸರಿಟ್ಟರು. ಅವರಲ್ಲಿ ಅನೇಕರು ಕಾಫಿಯನ್ನೂ ಧಾರಾಳವಾಗಿ ಕುಡಿಯುತ್ತಿದ್ದರು. ನುಂಗಿದ್ದು ನಿಜವಾದ ಜಿನ್ಸೆಂಗೇ ಎಂದು ಪರೀಕ್ಷಿಸಿ ನೋಡಿರಲಿಲ್ಲ, ಹೋಲಿಸಲು ಇನ್ನೊಂದು ಗುಂಪೂ ಇರಲಿಲ್ಲ. ಆಮೇಲೆ ಕ್ರಮಬದ್ಧವಾಗಿ ನಡೆದ ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದರೆ ಬಿಪಿ ಸರಾಸರಿಯಲ್ಲಿ ಏರಿದ್ದು ಕಾಣುವುದಿಲ್ಲ. ಆದರೂ ಬಿಪಿ ಹತೋಟಿಯಲ್ಲಿಲ್ಲದವರಿಗೆ ನಾನು ಇದನ್ನು ಹೇಳುವುದಿಲ್ಲ.

ಇದೇ ಸಾಲಿನಲ್ಲಿ ಮೂಲಂಗಿಯ ಪ್ರಶ್ನೆಯೂ ಆಗಾಗ ಬರುತ್ತದೆ. ಜಿನ್ಸೆಂಗ್ ಕುಡಿಯುವಾಗ ಮೂಲಂಗಿ ತಿಂದರೆ ಅದರ ಬಲ ಇಳಿದುಹೋಗುತ್ತದೆ ಎಂಬುದು ಚೀನೀ ಮನೆಗಳ ನಂಬಿಕೆ. ಮೂಲಂಗಿ ಹುಳಿಯಿಂದ ಕೇಡಾಗುತ್ತದೆ ಎನ್ನಲು ಆಧಾರವಿಲ್ಲ, ಊಟ ಮಾಡಲಿ.

ಅಶ್ವಗಂಧವೇ ಜಿನ್ಸೆಂಗ್ ಎಂಬ ಮಾತನ್ನು ಮಾತ್ರ ನೇರವಾಗಿ ತಳ್ಳಿಹಾಕಬೇಕು. ಜಿನ್ಸೆಂಗ್ ಪ್ಯಾನಾಕ್ಸ್ ಕುಲದ್ದು, ಐವಿ ಬಳ್ಳಿಯ ಕುಟುಂಬ. ಅಶ್ವಗಂಧ ಬದನೆ, ಟೊಮೆಟೊಗಳ ಕುಟುಂಬ. ಕೆಲಸ ಮಾಡುವ ಮುಖ್ಯ ಅಂಶಗಳೂ ಬೇರೆ: ಒಂದರಲ್ಲಿ ಜಿನ್ಸೆನೊಸೈಡ್‌ಗಳು ಎಂಬ ಸ್ಯಾಪೊನಿನ್‌ಗಳು, ಇನ್ನೊಂದರಲ್ಲಿ ವಿಥನೊಲೈಡ್‌ಗಳು. ಇಂಡಿಯನ್ ಜಿನ್ಸೆಂಗ್ ಎನ್ನುವುದು ವ್ಯಾಪಾರದ ಹೆಸರು. ಹೀಗೆ ಹೆಸರು ಎರವಲು ಪಡೆದವರು ಬೇರೆಯವರೂ ಇದ್ದಾರೆ. ಸೈಬೀರಿಯನ್ ಜಿನ್ಸೆಂಗ್ ಎಂದು ಮಾರುತ್ತಿದ್ದುದು ಎಲ್ಯುಥೆರೊ ಎಂಬ ಮುಳ್ಳುಪೊದೆಯ ಬೇರು. ಜಿನ್ಸೆಂಗ್ ದುಬಾರಿ, ಅಪರೂಪ ಎಂದು ಸೋವಿಯತ್ ವಿಜ್ಞಾನಿ ಇಸ್ರೇಲ್ ಬ್ರೆಖ್ಮನ್ ಅದಕ್ಕೆ ಬದಲಿಯಾಗಿ ಇದನ್ನು ಹಿಡಿದು ಅಧ್ಯಯನ ಮಾಡಿದರು. ಪ್ಯಾನಾಕ್ಸ್ ಕುಲದ ಗಿಡಗಳಿಗೆ ಬಿಟ್ಟು ಬೇರೆಯದಕ್ಕೆ ಜಿನ್ಸೆಂಗ್ ಹೆಸರು ಹಾಕಬಾರದು ಎಂದು ಅಮೆರಿಕ 2002ರಲ್ಲಿ ಕಾನೂನು ಮಾಡಿತು. ನಮ್ಮಲ್ಲಿ ಅಂಥ ಕಟ್ಟು ಕಾಣುತ್ತಿಲ್ಲ. ಆನ್‌ಲೈನಿನಲ್ಲಿ ಜಾವಾ ಜಿನ್ಸೆಂಗ್ ಸಸಿ ಎಂದು ಮಾರುವುದು ಟ್ಯಾಲಿನಂ ಎಂಬ ಸೊಪ್ಪಿನ ಗಿಡವನ್ನು. ಪಲ್ಯಕ್ಕೆ ಚೆನ್ನಾಗಿರುತ್ತದೆ, ಜಿನ್ಸೆನೊಸೈಡ್ ಅದರಲ್ಲಿ ಹುಡುಕಬೇಡಿ.

ಹಾಗಾದರೆ ಮಾವನವರಿಗೆ ಅಶ್ವಗಂಧ? ಬೇಡ. ಅದೂ ಸಕ್ಕರೆ ಇಳಿಸಬಲ್ಲದು, ಥೈರಾಯ್ಡ್ ಹಾರ್ಮೋನ್ ಏರಿಸಬಲ್ಲದು, ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಕೊಟ್ಟ ಪ್ರಕರಣಗಳೂ ವರದಿಯಾಗಿವೆ. ಥೈರಾಯ್ಡ್ ಏರುಪೇರಾದರೂ, ಯಕೃತ್ತು ಏರುಪೇರಾದರೂ ವಾರ್ಫರಿನ್ ಲೆಕ್ಕ ತಪ್ಪುತ್ತದೆ. ನಮ್ಮ ನೆಲದ್ದು ಎಂಬ ಕಾರಣಕ್ಕೆ ಅದು ಸೌಮ್ಯವಾಗುವುದಿಲ್ಲ.

ಅಡಾಪ್ಟೋಜೆನ್ ಎಂಬ ಪದವೂ ನಿಮ್ಮ ಜಾಡಿಯ ಜಾಹೀರಾತಿನಲ್ಲಿ ಇರುತ್ತದೆ. ಒತ್ತಡವನ್ನು ತಾಳಿಕೊಳ್ಳುವ ದೇಹದ ಶಕ್ತಿಯನ್ನು ಹೆಚ್ಚಿಸುವ ವಸ್ತು ಎಂಬ ಅರ್ಥದಲ್ಲಿ ಸೋವಿಯತ್ ವಿಜ್ಞಾನಿ ನಿಕೊಲಾಯ್ ಲಾಜರೆವ್ 1947ರಲ್ಲಿ ಇದನ್ನು ಬಳಕೆಗೆ ತಂದರು. ಚೀನೀ ವೈದ್ಯಗ್ರಂಥಗಳಿಂದ ಬಂದದ್ದಲ್ಲ. ಯುರೋಪಿನ ಔಷಧ ಸಂಸ್ಥೆ 2008ರಲ್ಲಿ ಈ ಪರಿಕಲ್ಪನೆಯನ್ನು ಪರಿಶೀಲಿಸಿ, ಔಷಧ ಶಾಸ್ತ್ರದ ಒಪ್ಪಿತ ಪದವಾಗಿ ಬಳಸುವಷ್ಟು ಅದು ಸ್ಪಷ್ಟವಾಗಿಲ್ಲ ಎಂದಿತು. ದಣಿವು, ನಿಶ್ಶಕ್ತಿಗೆ ಪರಂಪರೆಯಿಂದ ಬಳಸುತ್ತ ಬಂದಿರುವ ಮೂಲಿಕೆ ಎಂಬಷ್ಟನ್ನು ಮಾತ್ರ ಜಿನ್ಸೆಂಗ್‌ಗೆ ಅದು ಒಪ್ಪುತ್ತದೆ, ಅದೂ ಮೂರು ತಿಂಗಳ ಮಿತಿಯೊಳಗೆ.

ಸುಸ್ತಿಗೆ ನಿಜಕ್ಕೂ ಕೆಲಸ ಮಾಡುತ್ತದೆಯೇ? ಸ್ವಲ್ಪ. ಇದ್ದುದರಲ್ಲಿ ಗಟ್ಟಿಯಾದ ಪ್ರಯೋಗ 2013ರದು. ಕ್ಯಾನ್ಸರ್‌ನಿಂದ ಬಳಲಿದ 364 ಜನರಿಗೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬೆಳೆದ ಬೇರಿನ ಪುಡಿ ದಿನಕ್ಕೆ 2 ಗ್ರಾಂ ಅಥವಾ ಖಾಲಿ ಕ್ಯಾಪ್ಸೂಲ್ ಕೊಟ್ಟರು. ನಾಲ್ಕನೆಯ ವಾರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ, ಎಂಟನೆಯ ವಾರಕ್ಕೆ ಜಿನ್ಸೆಂಗ್ ಗುಂಪಿನ ದಣಿವು ಹೆಚ್ಚು ತಗ್ಗಿತ್ತು. ಖಾಲಿ ಕ್ಯಾಪ್ಸೂಲ್ ನುಂಗಿದವರಿಗೂ ತಕ್ಕಮಟ್ಟಿಗೆ ಚೇತರಿಕೆ ಆಗಿತ್ತು ಎಂಬುದನ್ನು ಮರೆಯಬಾರದು. ಹನ್ನೆರಡೇ ದಿನದಲ್ಲಿ ಮಾವನವರಿಗೆ ಬಂದ ಚುರುಕನ್ನು ನಾನು ಬೇರಿನ ಖಾತೆಗೆ ಪೂರ್ತಿ ಬರೆಯಲಾರೆ. ನೆನಪಿನ ಶಕ್ತಿಗೆ ಒಳ್ಳೆಯದು ಎನ್ನಲು ಆರೋಗ್ಯವಂತರಲ್ಲಿ ಸಾಕಷ್ಟು ಪುರಾವೆ ಇಲ್ಲ. ಗಂಡಸರ ದೌರ್ಬಲ್ಯಕ್ಕೆ ಎಂಬ ದೊಡ್ಡ ಪ್ರಚಾರದ ಬಗ್ಗೆ ಪ್ರಯೋಗಗಳನ್ನು ಒಟ್ಟುಗೂಡಿಸಿ ಅಳೆಯುವ ಕಾಕ್ರೇನ್ ಸಂಸ್ಥೆಯ 2021ರ ಪರಾಮರ್ಶೆ ಹೇಳಿದ್ದು, ಲಾಭ ಇದ್ದರೂ ನಗಣ್ಯ ಎಂದು.

ನಿಮ್ಮ ಪತ್ರದಲ್ಲಿ ನನ್ನ ಗಮನ ಹಿಡಿದದ್ದು ಬೇರೆಯೇ ಸಾಲು: ಕೆಲವು ತಿಂಗಳಿಂದ ವಿಪರೀತ ಸುಸ್ತು. ಈ ಸುಸ್ತಿಗೆ ಕಾರಣ ಯಾರಾದರೂ ಹುಡುಕಿದ್ದಾರೆಯೇ? ಅವರ ಮಾತ್ರೆಗಳ ಪಟ್ಟಿ ನೋಡಿದರೆ ಹುಡುಕಬೇಕಾದ ಜಾಗಗಳು ತಾವಾಗಿಯೇ ಕಾಣುತ್ತವೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ವಿಟಮಿನ್ ಹೀರುವಿಕೆ ಕುಗ್ಗುತ್ತದೆ. ಮನೆ ಸಸ್ಯಾಹಾರದ್ದಾದರೆ ಮೊದಲೇ ಕಡಿಮೆ ಇರುವುದು ಇನ್ನಷ್ಟು ಇಳಿಯುತ್ತದೆ. ಸುಸ್ತಿನ ಜೊತೆ ಪಾದ ಜೋಮು ಹಿಡಿಯುವುದು, ನಡೆಯುವಾಗ ತೂರಾಡಿದಂತಾಗುವುದು ಇದ್ದರೆ ಮೊದಲ ಅನುಮಾನ ಅದರ ಮೇಲೆ. ಸಕ್ಕರೆ ಕಾಯಿಲೆಯ ನರದೋಷ ಎಂದುಕೊಂಡು ಬಿ12 ಕೊರತೆಯನ್ನು ಬಿಟ್ಟುಬಿಡುವುದು ಬಹಳ ಕಡೆ ಆಗುತ್ತದೆ. ಮೆಟೊಪ್ರೊಲಾಲ್‌ನಿಂದ ನಾಡಿ ನಿಧಾನವಾಗುತ್ತದೆ. ಕುಳಿತಿದ್ದಾಗ ನಿಮಿಷಕ್ಕೆ 55ಕ್ಕಿಂತ ಕೆಳಗಿದ್ದರೆ ವೈದ್ಯರಿಗೆ ತಿಳಿಸಿ, ಪ್ರಮಾಣ ತಗ್ಗಿಸಿದರೆ ಸಾಕಾಗಬಹುದು. ಆದರೆ ಈ ಮಾತ್ರೆಯನ್ನು ತಾವಾಗಿ ದಿಢೀರನೆ ನಿಲ್ಲಿಸಬಾರದು. ವಾರ್ಫರಿನ್ ಮೇಲಿದ್ದವರಿಗೆ ಕರುಳಿನಿಂದ ಕಣ್ಣಿಗೆ ಕಾಣದಂತೆ ರಕ್ತ ಜಿನುಗಿ ಕಬ್ಬಿಣದ ಕೊರತೆ ಆಗಬಹುದು. ಲೋಹದ ಕವಾಟದ ಅಂಚಿನಲ್ಲಿ ಸೋರಿಕೆ ಇದ್ದರೆ ಅಲ್ಲಿ ಕೆಂಪು ರಕ್ತಕಣಗಳು ಜಜ್ಜಿಹೋಗಿ ರಕ್ತಹೀನತೆ ಬರುತ್ತದೆ. ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು ಅದರ ಒಂದು ಸುಳಿವು. ಮಾಡಿಸಬೇಕಾದ ಪರೀಕ್ಷೆಗಳು ಇವು: ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12, ಟಿಎಸ್ಎಚ್ (ಥೈರಾಯ್ಡ್), ಕ್ರಿಯಾಟಿನಿನ್ (ಮೂತ್ರಪಿಂಡ), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಎಲ್‌ಡಿಎಚ್ (ರಕ್ತಕಣ ಒಡೆಯುವುದರ ಸುಳಿವು), ಒಂದು ಇಸಿಜಿ, ಒಂದು ಎಕೋ. ಇವಿಷ್ಟಕ್ಕೆ ಆಗುವ ಖರ್ಚು ಆ ಜಾಡಿಯ ಬೆಲೆಗಿಂತ ಬಹಳ ಹೆಚ್ಚಿರಲಾರದು. ಬಿ12 ಕೊರತೆ ಇದ್ದರೆ ಚುಚ್ಚುಮದ್ದಿನಿಂದ ಕೆಲವೇ ವಾರಗಳಲ್ಲಿ ಬರುವ ಚೇತರಿಕೆಗೆ ಯಾವ ದೇಶದ ಬೇರೂ ಸಾಟಿಯಾಗದು. ವಾರ್ಫರಿನ್ ಇರುವುದರಿಂದ ಸ್ನಾಯುವಿಗೆ ಚುಚ್ಚಬಹುದೇ, ಮಾತ್ರೆಯೇ ಸಾಕೇ ಎಂಬುದನ್ನು ವೈದ್ಯರು ಐಎನ್ಆರ್ ನೋಡಿ ನಿರ್ಧರಿಸುತ್ತಾರೆ.

ಸುಸ್ತನ್ನು ಜಿನ್ಸೆಂಗ್ ಸ್ವಲ್ಪ ಮುಚ್ಚಿಬಿಟ್ಟರೆ ಈ ಹುಡುಕಾಟವೇ ಮುಂದಕ್ಕೆ ಹೋಗುತ್ತದೆ. ನನಗೆ ಅದು ಐಎನ್ಆರ್‌ನಷ್ಟೇ ದೊಡ್ಡ ಆತಂಕ.

ಆರು ವರ್ಷದ ಬೇರು ಎಂದು ಬರೆದಿದ್ದೀರಿ. ಜಿನ್ಸೆಂಗ್ ನೆರಳಿನ ಗಿಡ, ಚಳಿಗಾಲದ ಕೊರೆತ ಬೇಕು, ಬೇರು ನಿಧಾನವಾಗಿ ಬಲಿಯುತ್ತದೆ. ಪ್ರತಿ ವರ್ಷ ಕಾಂಡ ಒಣಗಿ ಬಿದ್ದಾಗ ಬೇರಿನ ಕುತ್ತಿಗೆಯಲ್ಲಿ ಒಂದೊಂದು ಗುರುತು ಉಳಿಯುತ್ತದೆ, ಬಲ್ಲವರು ಅದನ್ನು ಎಣಿಸಿ ವಯಸ್ಸು ಹೇಳುತ್ತಾರೆ. ಕೊರಿಯಾದಲ್ಲಿ ಆರು ವರ್ಷದ ಬೇರಿಗೆ ಪ್ರತಿಷ್ಠೆ ಇದೆ. ಅದಕ್ಕಿಂತ ಹೆಚ್ಚು ಕಾಲ ಬಿಟ್ಟರೆ ಬೇರು ನಾರಾಗುತ್ತದೆ, ಕೊಳೆರೋಗ ತಗಲುತ್ತದೆ. ಚೀನಾ 2012ರಲ್ಲಿ ಕೃಷಿಯ ಜಿನ್ಸೆಂಗನ್ನು ಆಹಾರಪದಾರ್ಥವಾಗಿ ಒಪ್ಪಿದಾಗ ಐದು ವರ್ಷ ಅಥವಾ ಅದಕ್ಕಿಂತ ಎಳೆಯ ಬೇರಿಗೆ ಮಾತ್ರ ಒಪ್ಪಿತು, ದಿನಕ್ಕೆ 3 ಗ್ರಾಂ ಮೀರಬಾರದು ಎಂದಿತು, ಗರ್ಭಿಣಿಯರು, ಹಾಲೂಡಿಸುವವರು, 14 ವರ್ಷದೊಳಗಿನ ಮಕ್ಕಳಿಗೆ ಬೇಡ ಎಂದಿತು. ಗ್ರಾಂಗೆ ಗ್ರಾಂ ತೂಗಿದರೆ ದಪ್ಪ ಬೇರಿಗಿಂತ ಅದರ ಕೂದಲಿನಂಥ ಕವಲುಬೇರುಗಳಲ್ಲೇ ಜಿನ್ಸೆನೊಸೈಡ್ ಹೆಚ್ಚು. ಮಾರುಕಟ್ಟೆಯಲ್ಲಿ ಅವುಗಳ ಬೆಲೆ ಕಡಿಮೆ, ರೂಪ ಚೆಂದವಿಲ್ಲ ಅಷ್ಟೇ.

ಕೆಂಪು, ಬಿಳಿ ಎನ್ನುವುದು ಗಿಡದ ಜಾತಿಯಲ್ಲ, ಸಂಸ್ಕರಣೆ. ಹಸಿ ಬೇರಿನ ಸಿಪ್ಪೆ ಹೆರೆದು ಒಣಗಿಸಿದರೆ ಬಿಳಿ. ಸಿಪ್ಪೆ ಸಮೇತ 90ರಿಂದ 100 ಡಿಗ್ರಿ ಆವಿಯಲ್ಲಿ ಎರಡು ಮೂರು ಗಂಟೆ ಬೇಯಿಸಿ, ತೇವ ಶೇ 14ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಿದರೆ ಕೆಂಪು. ಆ ಶಾಖದಲ್ಲಿ ಕೆಲವು ಜಿನ್ಸೆನೊಸೈಡ್‌ಗಳು ಒಡೆದು ಆರ್‌ಜಿ3ಯಂಥ ಹೊಸವು ಹುಟ್ಟುತ್ತವೆ, ಬೇರು ಹುಳ ಹತ್ತದೆ ಬಹುಕಾಲ ಬಾಳುತ್ತದೆ. ಹೊಟ್ಟೆಗೆ ಹೋದ ಮೇಲೂ ಇವುಗಳನ್ನು ಕರುಳಿನ ಬ್ಯಾಕ್ಟೀರಿಯಾಗಳು ಮತ್ತೆ ಒಡೆಯಬೇಕು, ಆಗಷ್ಟೇ ರಕ್ತಕ್ಕೆ ಸೇರುವ ರೂಪ ಸಿಗುತ್ತದೆ. ಆ ಬ್ಯಾಕ್ಟೀರಿಯಾಗಳು ಎಲ್ಲರ ಕರುಳಲ್ಲೂ ಒಂದೇ ಸಮ ಇರುವುದಿಲ್ಲ. ಒಂದೇ ಜಾಡಿಯ ಸಾರ ಒಬ್ಬರಿಗೆ ಹತ್ತಿ ಇನ್ನೊಬ್ಬರಿಗೆ ಏನೂ ಅನಿಸದಿರುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಲೇಬಲ್‌ನಲ್ಲಿ ವಯಸ್ಸಿಗಿಂತ ಮೊದಲು ನೋಡಬೇಕಾದ್ದು ಆರ್‌ಜಿ1, ಆರ್‌ಬಿ1, ಆರ್‌ಜಿ3 ಎಂಬ ಮೂರು ಜಿನ್ಸೆನೊಸೈಡ್‌ಗಳ ಒಟ್ಟು ಮಿಲಿಗ್ರಾಂ. ದಣಿವಿನ ಹೇಳಿಕೆಗೆ ಕೊರಿಯಾದ ನಿಯಂತ್ರಕರು ಇಟ್ಟಿರುವ ಮಟ್ಟ ದಿನಕ್ಕೆ 3ರಿಂದ 80 ಮಿಲಿಗ್ರಾಂ. ಇಷ್ಟು ಅಗಲದ ಪಟ್ಟಿ ನೋಡಿದರೇ ತಿಳಿಯುತ್ತದೆ, ಸರಿಯಾದ ಪ್ರಮಾಣದ ಬಗ್ಗೆ ಒಮ್ಮತ ಎಷ್ಟು ಸಡಿಲ ಎಂದು. ಜೇನಿನಲ್ಲಿ ನೆನೆಸಿದ ತುಂಡುಗಳು, ಕ್ಯಾಂಡಿ, ಚಹಾ ಹರಳುಗಳಲ್ಲಿ ಹೆಚ್ಚಿನಂಶ ಸಕ್ಕರೆಯೇ, ಸಕ್ಕರೆ ಕಾಯಿಲೆಯವರು ಅವನ್ನು ಮುಟ್ಟಬಾರದು. ಇಡೀ ಬೇರು ಕೊಳ್ಳುವವರಿಗೆ ನಕಲಿಯ ಅಪಾಯವಿದೆ. ಚೀನಾದ ಮಾರುಕಟ್ಟೆಗಳಲ್ಲಿ ನಮ್ಮ ಹಿತ್ತಿಲಿನ ಸಂಜೆಮಲ್ಲಿಗೆಯ ಬೇರನ್ನೂ ಜಿನ್ಸೆಂಗ್ ಎಂದು ದಾಟಿಸಿದ್ದುಂಟು. ಅದಕ್ಕಿಂತ ಕೆಟ್ಟದ್ದು ಫೈಟೊಲಾಕ್ಕ ಎಂಬ ವಿಷಬೇರು, ತಿಂದರೆ ವಾಂತಿ, ಭೇದಿ. ಕಾಡುಬೇರು ಎಂದು ಯಾರಾದರೂ ಕೊಡಬಂದರೆ ದೂರವಿರಿ. ರಷ್ಯಾದ ಕಾಡು ಜಿನ್ಸೆಂಗ್ ಮತ್ತು ಅಮೆರಿಕದ ಜಿನ್ಸೆಂಗ್ ಎರಡೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿವೆ, ಕಾಗದವಿಲ್ಲದೆ ಗಡಿ ದಾಟಿಸುವುದು ಅಪರಾಧ.

ಕೊನೆಗೆ ಆ ಜಾಡಿ. ಮನೆಯಲ್ಲಿ ಯಾವ ಮಾತ್ರೆಯನ್ನೂ ನುಂಗದ, ಬಿಪಿ ಸರಿ ಇರುವ, ಗರ್ಭಿಣಿಯಲ್ಲದ, ಮಗುವಿಗೆ ಹಾಲೂಡಿಸದ ವಯಸ್ಕರಿದ್ದರೆ ಬಳಸಬಹುದು. ಮೊದಲ ವಾರ ಬೆಳಗ್ಗೆ ತಿಂಡಿಯ ನಂತರ ಒಂದೇ ಗ್ರಾಂ, ಬಿಸಿನೀರಿನಲ್ಲಿ. ತಲೆನೋವು, ನಿದ್ದೆಗೇಡು ಇಲ್ಲದಿದ್ದರೆ ಮಧ್ಯಾಹ್ನದೊಳಗೆ ಇನ್ನೊಂದು ಗ್ರಾಂ. ಒಣಬೇರಾದರೆ ದಿನಕ್ಕೆ 1ರಿಂದ 2 ಗ್ರಾಂ ಎಂಬ ಜರ್ಮನಿಯ ಹಳೆಯ ಅಳತೆ ಸಾಕು. ಚೀನೀ ಔಷಧಕೋಶದ 3ರಿಂದ 9 ಗ್ರಾಂ ಎಂಬುದು ವೈದ್ಯರು ನಾಡಿ ನೋಡಿ ಕೊಡುವ ಕಷಾಯಕ್ಕೆ. ಅಲ್ಲೂ ಬೇರನ್ನು ತೆಳ್ಳಗೆ ಹೆಚ್ಚಿ, ಬೇರೆ ಮೂಲಿಕೆಗಳ ಜೊತೆ ಹಾಕದೆ ಪ್ರತ್ಯೇಕ ಪಾತ್ರೆಯಲ್ಲಿ ಕುದಿಸಿ ಆಮೇಲೆ ಬೆರೆಸುತ್ತಾರೆ, ದುಬಾರಿ ಬೇರಿನ ಸತ್ವವನ್ನು ಮಿಕ್ಕ ಚರಟ ಹೀರಿಕೊಂಡು ಹೋಗದಿರಲಿ ಎಂದು. ಮೂರು ತಿಂಗಳಾದ ಮೇಲೆ ನಿಲ್ಲಿಸಬೇಕು. ಹಲ್ಲು ಕೀಳಿಸುವುದಿರಲಿ, ಬೇರೆ ಶಸ್ತ್ರಚಿಕಿತ್ಸೆ ಇರಲಿ, ಕಡೇಪಕ್ಷ ಒಂದು ವಾರ ಮೊದಲು ಬಿಡಬೇಕು, ಎರಡು ವಾರವಾದರೆ ಇನ್ನೂ ಒಳ್ಳೆಯದು. ಮನೋರೋಗದ ಮಾತ್ರೆ, ಕ್ಯಾನ್ಸರ್ ಮಾತ್ರೆ, ಅಂಗಾಂಗ ಕಸಿಯ ನಂತರದ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ತೆರೆದ ಜಾಡಿಯನ್ನು ಫ್ರಿಜ್ಜಿನಲ್ಲಿಟ್ಟು ಪ್ರತಿ ಸಲ ಒಣ ಚಮಚವನ್ನೇ ಹಾಕಿ. ಒದ್ದೆ ಚಮಚ ಒಮ್ಮೆ ಹೋದರೂ ಮೇಲೆ ಬೂಸು ಹಿಡಿಯುತ್ತದೆ. ಹಾಗೆ ಹಿಡಿದರೆ ಮೇಲಿನದನ್ನು ಕೆರೆದು ಬಳಸಬೇಡಿ, ಇಡೀ ಜಾಡಿಯನ್ನೇ ಎಸೆಯಿರಿ.